ಬಕೆಟ್ಟಿಗೆ ಬಿದ್ದ ನಕ್ಷತ್ರ

ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಸಂಡೂರಿನಿಂದ ದರೋಜಿಯವರೆಗಿನ ಕುರುಚಲು ಗುಡ್ಡಗಳು ವಾರದೊಳಗೆ ಬಣ್ಣ ಬದಲಿಸುತ್ತವೆ. ಬಂಡೆಗಳ ಬುಡದಲ್ಲಿ ಗರಿಕೆ ಚಿಗುರುತ್ತದೆ. ಬಾರಿ ಗಿಡ, ಕಾರೆ ಮುಳ್ಳಿನ ಕೆಳಗೆ ತೇವ ನಿಲ್ಲುತ್ತದೆ. ಕುರಿ ಹೊಡೆದುಕೊಂಡು ಹೋದ ಹುಡುಗರ ಕಣ್ಣಿಗೆ ಅದು ಬೀಳುವುದು ಇಂಥ ದಿನಗಳಲ್ಲೇ. ನಿಂಬೆಹಣ್ಣಿನಷ್ಟು ಗಾತ್ರ, ಕಪ್ಪು ಚಿಪ್ಪಿನ ಮೇಲೆ ಹಳದಿ ಗೀರು, ಒಳಗೆಳೆದುಕೊಂಡ ತಲೆ. ‘ಲೇ, ಆಮಿ ಮರಿ ಐತಲೇ!’ ಎಂಬ ಕೂಗಿನೊಂದಿಗೆ ಅದು ಅಂಗಿಯ ಜೇಬು ಸೇರುತ್ತದೆ, ಸಂಜೆಗೆ ಊರು ಸೇರುತ್ತದೆ.

ಮನೆಯಲ್ಲಿ ನಡೆಯುವುದು ಬಹುಪಾಲು ಒಂದೇ. ಅವ್ವ ಬೈಯುತ್ತಾಳೆ, ತಂಗಿ ಮುಟ್ಟಿ ನೋಡುತ್ತಾಳೆ, ಯಾರೋ ಒಬ್ಬರು ಬಚ್ಚಲಿನಿಂದ ಬಕೆಟ್ ತಂದು ಅರ್ಧ ನೀರು ತುಂಬಿ ಮರಿಯನ್ನು ಅದರೊಳಗೆ ಬಿಡುತ್ತಾರೆ. ಆಮೆ ಅಂದರೆ ನೀರಿನ ಜೀವ ಎಂಬುದು ಎಲ್ಲರೂ ಬಲ್ಲ ಸಂಗತಿಯಲ್ಲವೇ? ಬೆಳಗ್ಗೆ ಎದ್ದು ನೋಡಿದರೆ ಮರಿ ತಳ ಕಂಡಿರುತ್ತದೆ.

ಇದರಲ್ಲಿ ಭಾಷೆಯ ಪಾಲೂ ಇದೆ. ಕನ್ನಡಕ್ಕೆ ಇರುವುದು ಆಮೆ ಎಂಬ ಒಂದೇ ಮಾತು. ಇಂಗ್ಲಿಷಿನವರು ನೆಲದ್ದನ್ನು ಟಾರ್ಟಾಯ್ಸ್, ನೀರಿನದನ್ನು ಟರ್ಟಲ್ ಎಂದು ಬೇರೆ ಮಾಡಿಕೊಂಡಿದ್ದಾರೆ. ನಾವು ತುಂಗಭದ್ರೆಯ ಮಡುವಿನಲ್ಲಿ ಮುಳುಗಿರುವುದನ್ನೂ ದರೋಜಿಯ ಕಲ್ಲುಗುಡ್ಡದಲ್ಲಿ ಹುಲ್ಲು ಮೇಯುವುದನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ. ವ್ಯತ್ಯಾಸ ತಿಳಿಯಲು ಕಾಲು ನೋಡಿದರೆ ಸಾಕು. ನೀರಿನ ಆಮೆಯ ಬೆರಳುಗಳ ನಡುವೆ ಬಾತುಕೋಳಿಗಿರುವಂತೆ ಪೊರೆ ಇರುತ್ತದೆ, ಚಿಪ್ಪು ಸಾಮಾನ್ಯವಾಗಿ ಚಪ್ಪಟೆ. ನೆಲದ ಆಮೆಯದು ಆನೆಯ ಕಾಲಿನ ಪುಟ್ಟ ನಕಲು. ಕಂಬದಂಥ ಕಾಲು, ಅದರ ತುದಿಗೆ ಮೊಂಡು ಉಗುರು, ಬೆನ್ನ ಮೇಲೆ ಗುಮ್ಮಟ. ಅಂಥದ್ದನ್ನು ಆಳದ ನೀರಿಗೆ ಬಿಟ್ಟರೆ ಅದು ಈಜಲಾರದು. ಒಂದಷ್ಟು ಹೊತ್ತು ಕಾಲು ಬಡಿದು ಸೋಲುತ್ತದೆ.

ಈ ಭಾಗದ ನೆಲದ ಆಮೆಯೇ ನಕ್ಷತ್ರ ಆಮೆ. ಗುಜರಾತ್ ಮತ್ತು ರಾಜಸ್ಥಾನದ ಒಣಭೂಮಿಯಲ್ಲಿ ಒಂದು ಪಂಗಡ, ಕರ್ನಾಟಕ, ಆಂಧ್ರ, ತಮಿಳುನಾಡಿನ ಮುಳ್ಳುಕಾಡುಗಳಲ್ಲಿ ಇನ್ನೊಂದು, ಶ್ರೀಲಂಕಾದಲ್ಲಿ ಮತ್ತೊಂದು. ದರೋಜಿಯ ಹೆಸರು ಹೊರಗಿನವರಿಗೆ ಗೊತ್ತಿರುವುದು 1994ರಲ್ಲಿ ಘೋಷಣೆಯಾದ ಕರಡಿಧಾಮದಿಂದ. ಸಂಜೆ ಬಂಡೆಯ ಮೇಲೆ ಕರಡಿ ಬರುವುದನ್ನು ಕಾಯುತ್ತ ಕೂತವರು ಕಾಲಬುಡದಲ್ಲಿ ಸರಿದು ಹೋಗುವ ಆಮೆಯನ್ನು ಗಮನಿಸುವುದು ಕಡಿಮೆ. ಬಿಸಿಲಿನ ಹೊತ್ತು ಪೊದೆಯಡಿ ಅಡಗಿದ್ದು, ಬೆಳಗಿನ ತಂಪು ಮತ್ತು ಸಂಜೆಯ ಮಬ್ಬಿನಲ್ಲಿ ಅದು ಹೊರಬರುತ್ತದೆ. ಮಳೆಗಾಲದಲ್ಲಿ ಮಾತ್ರ ದಿನವಿಡೀ ಓಡಾಟ.

ಮರಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದವರಿಗೆ ಒಂದು ಸೋಜಿಗ ಕಾಣುತ್ತದೆ. ಚಿಪ್ಪಿನ ಒಂದೊಂದು ಬಿಲ್ಲೆಯ ನಡುವೆ ಒರಟಾದ ಪುಟ್ಟ ಮಚ್ಚೆ ಇರುತ್ತದೆಯಲ್ಲ, ಅದು ಮೊಟ್ಟೆಯಿಂದ ಹೊರಬಂದ ದಿನ ಇಡೀ ಬಿಲ್ಲೆಯೇ ಆಗಿತ್ತು. ಆಮೆ ಬೆಳೆದಂತೆ ಅದರ ಸುತ್ತ ಹೊಸ ಕೊಂಬಿನ ಪದರ ಉಂಗುರ ಉಂಗುರವಾಗಿ ಕೂಡುತ್ತ ಹೋಗುತ್ತದೆ. ಹಳದಿ ಗೆರೆಗಳು ಆ ನಡುವಿನಿಂದ ಹೊರಕ್ಕೆ ಚಾಚಿ, ವಯಸ್ಸಾದಂತೆ ಕವಲೊಡೆದು ನಕ್ಷತ್ರದ ಆಕಾರ ತಳೆಯುತ್ತವೆ. ದೊಡ್ಡ ಆಮೆ ತನ್ನ ಶೈಶವದ ಚಿಪ್ಪನ್ನು ಕಳಚಿ ಹಾಕುವುದಿಲ್ಲ. ಪ್ರತಿ ನಕ್ಷತ್ರದ ನಡುವಿನಲ್ಲೂ ಅದನ್ನು ಹೊತ್ತೇ ತಿರುಗುತ್ತದೆ.

ಅಂಗಾತ ಬಿದ್ದಾಗ ಮೇಲೇಳುವ ಕಲೆಯೂ ಈ ಗುಮ್ಮಟದಲ್ಲೇ ಅಡಗಿದೆ. ಎಲ್ಲಿಟ್ಟರೂ ಒಂದೇ ಭಂಗಿಗೆ ಉರುಳಿ ನಿಲ್ಲುವ, ಒಳಗೆ ಯಾವ ತೂಕವನ್ನೂ ಅಡಗಿಸಿಡದ ಘನಾಕೃತಿ ಸಾಧ್ಯವೇ ಎಂದು ರಷ್ಯಾದ ಗಣಿತಜ್ಞ ವ್ಲಾದಿಮಿರ್ ಆರ್ನಾಲ್ಡ್ 1995ರಲ್ಲಿ ಕೇಳಿದ್ದರು. ಸಾಧ್ಯ ಎಂದು ತೋರಿಸಿದವರು ಹಂಗೇರಿಯ ಗಾಬೋರ್ ದೊಮೊಕೋಶ್ ಮತ್ತು ಪೇಟರ್ ವಾರ್ಕೊನಿ, 2006ರಲ್ಲಿ. ಗೊಂಬೊಟ್ಸ್ ಎಂಬ ಆ ಆಕೃತಿಗೆ ಪ್ರಕೃತಿಯಲ್ಲಿ ನೆಂಟರಿದ್ದಾರೆಯೇ ಎಂದು ಹುಡುಕುತ್ತ ಅವರು ಆಮೆಗಳನ್ನು ಅಳೆದು ನೋಡಿದರು. ತೀರಾ ಹತ್ತಿರ ಬಂದವುಗಳಲ್ಲಿ ನಮ್ಮ ನಕ್ಷತ್ರ ಆಮೆಯೂ ಒಂದು. ಚಪ್ಪಟೆ ಆಮೆ ಕುತ್ತಿಗೆ ಚಾಚಿ ಒದ್ದಾಡಿ ಏಳಬೇಕು. ಎತ್ತರದ ಗುಮ್ಮಟದ್ದು ತುಸು ಕಾಲಾಡಿಸಿದರೆ ಚಿಪ್ಪೇ ಅರ್ಧ ಕೆಲಸ ಮಾಡಿಕೊಡುತ್ತದೆ. ಬುಡಾಪೆಸ್ಟಿನ ಗಣಿತ ದರೋಜಿಯ ಕಲ್ಲಿನ ನಡುವೆ ನಡೆದಾಡುತ್ತಿದೆ ಅಂದರೆ ಅತಿಶಯೋಕ್ತಿ ಆಗಲಾರದು.

ಇಷ್ಟು ಚೆಂದದ ಜೀವವನ್ನು ಸಾಕಬೇಕು ಅನ್ನಿಸುವುದು ಸಹಜ. ಹೊಸಪೇಟೆಯಲ್ಲಿ ಹಾಗನ್ನಿಸಿದವರು ಮೊದಲು ತಿಳಿಯಬೇಕಾದದ್ದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಕ್ಷತ್ರ ಆಮೆ ಬಹುಕಾಲ ನಾಲ್ಕನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಅದು ಹುಲಿ, ಆನೆಗಳ ಸಾಲಿನ ಒಂದನೇ ಅನುಸೂಚಿಗೆ ಏರಿತು. ಹಿಡಿಯುವುದು, ಮನೆಯಲ್ಲಿಟ್ಟುಕೊಳ್ಳುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ಮೂರರಿಂದ ಏಳು ವರ್ಷ ಸೆರೆ, ಕನಿಷ್ಠ 25 ಸಾವಿರ ರೂಪಾಯಿ ದಂಡ. ‘ಸಿಕ್ಕಿತ್ರಿ, ತಂದ್ವಿ, ಮಾರಾಕಲ್ಲ’ ಎಂಬ ಸಮಜಾಯಿಷಿ ಕಾಯ್ದೆಯ ಎದುರು ನಿಲ್ಲುವುದಿಲ್ಲ.

ಹಾಗಿದ್ದರೆ ಸಾಕುವ ವಿಚಾರವನ್ನೇ ಎತ್ತಬೇಕೇಕೆ? ಎತ್ತಬೇಕು. ಏಕೆಂದರೆ ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರ ಮನೆಯ ಮಗು ಸಾಕಣೆ ಕೇಂದ್ರದಲ್ಲೇ ಹುಟ್ಟಿದ ಇದೇ ಜಾತಿಯ ಆಮೆಯನ್ನು ಕಾನೂನುಬದ್ಧವಾಗಿ ಪಡೆಯಬಹುದು. ಸಂಡೂರಿನ ಹುಡುಗನಿಗೆ ಇಲ್ಲದ ಅವಕಾಶ ಟೆಕ್ಸಾಸಿನ ಹುಡುಗನಿಗಿದೆ. ಆ ಟೆಕ್ಸಾಸಿನ ಮನೆಯವರು ಅದನ್ನು ಬದುಕಿಸಿಕೊಳ್ಳಲು ಏನೇನು ಮಾಡಬೇಕಾಗುತ್ತದೆ ಎಂಬುದನ್ನು ವಿವರವಾಗಿ ನೋಡಿದರೆ, ದರೋಜಿಯ ಕುರುಚಲು ಕಾಡು ದಿನಾ ಬಿಟ್ಟಿಯಾಗಿ ಏನು ಮಾಡುತ್ತಿದೆ ಎಂಬುದು ಅರ್ಥವಾಗುತ್ತದೆ.

ಮೊದಲು ಬಿಸಿ. ಆಮೆಯ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳದು. ತಿಂದದ್ದು ಜೀರ್ಣವಾಗಬೇಕಾದರೂ ಹೊರಗಿನ ಶಾಖ ಬೇಕು. ಸಾಕುವವರು ಆವರಣದ ಒಂದು ಮೂಲೆಯಲ್ಲಿ ದೀಪ ಇಳಿಬಿಟ್ಟು ಅಲ್ಲಿ 35 ಡಿಗ್ರಿಯ ಆಸುಪಾಸು ಶಾಖ ಇಡುತ್ತಾರೆ. ಉಳಿದ ಜಾಗ 28–30, ರಾತ್ರಿ 22ಕ್ಕಿಂತ ಕೆಳಗಿಳಿಯಕೂಡದು. ಗುಟ್ಟಿರುವುದು ಅಂಕಿಯಲ್ಲಿ ಅಲ್ಲ, ಆಯ್ಕೆಯಲ್ಲಿ. ಮರಿ ಬಿಸಿ ಬೇಕೆಂದಾಗ ದೀಪದಡಿ ಹೋಗಬೇಕು, ಸಾಕೆಂದಾಗ ನೆರಳಿಗೆ ಸರಿಯಬೇಕು. ಹೊಸಪೇಟೆಯ ತಾರಸಿಯ ಮೇಲೆ ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟ ಮರಿಗೆ ಈ ಆಯ್ಕೆಯೇ ಇಲ್ಲ. ಏಪ್ರಿಲಿನಲ್ಲಿ ಪಾದರಸ 40 ದಾಟುವ ಊರು ಇದು. ಟಬ್ಬಿನೊಳಗಿನ ಗಾಳಿ ಇನ್ನೂ ಕಾಯುತ್ತದೆ, ಮರಿ ಕೆಲವೇ ಹೊತ್ತಿನಲ್ಲಿ ಬೆಂದುಹೋಗುತ್ತದೆ. ಬಿಸಿಲುನಾಡಿನ ಪ್ರಾಣಿ ಬಿಸಿಲಿಗೆ ಸಾಯುತ್ತದೆಯೇ ಎಂದು ಕೇಳುವವರು ಅದೇ ಬಿಸಿಲಿನಲ್ಲಿ ಚಪ್ಪಲಿ ಇಲ್ಲದೆ ಹಂಪಿಯ ರಥಬೀದಿಯ ಕಲ್ಲುಹಾಸಿನ ಮೇಲೆ ಒಂದು ಸುತ್ತು ಬರಲಿ.

ಆಮೇಲೆ ಬೆಳಕು. ಸೂರ್ಯನ ಅತಿನೇರಳೆ ಕಿರಣ ಮೈಗೆ ತಾಗಿದರೆ ಮಾತ್ರ ಡಿ ಜೀವಸತ್ವ ಹುಟ್ಟುತ್ತದೆ, ಅದಿದ್ದರೆ ಮಾತ್ರ ತಿಂದ ಸುಣ್ಣ ಮೂಳೆಗೂ ಚಿಪ್ಪಿಗೂ ಸೇರುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ಹೆಚ್ಚೂಕಮ್ಮಿ ಪೂರ್ತಿ ತಡೆದುಬಿಡುತ್ತದೆ. ಒಳಗೆ ಬೆಳಕು ಬೀಳುತ್ತಿದೆ, ಬೆಚ್ಚಗೂ ಇದೆ, ಆದರೆ ಚಿಪ್ಪು ತಿಂಗಳುಗಳಲ್ಲಿ ಮೆತ್ತಗಾಗುತ್ತ ಹೋಗುತ್ತದೆ. ಬೆರಳಿನಿಂದ ಒತ್ತಿದರೆ ಒಣಗಿದ ಕೊಬ್ಬರಿ ಚಿಪ್ಪಿನಂತಿರಬೇಕಾದದ್ದು ಹಸಿ ರಟ್ಟಿನಂತೆ ಒಳಸರಿಯುತ್ತದೆ. ವಿದೇಶದಲ್ಲಿ ಸಾಕುವವರು ಈ ಕಿರಣ ಸೂಸುವ ವಿಶೇಷ ದೀಪ ಕೊಂಡು, ಅದರ ಶಕ್ತಿ ಕಣ್ಣಿಗೆ ಕಾಣದಂತೆ ಕುಂದುತ್ತದೆಂದು ಆಗಾಗ ಬದಲಿಸುತ್ತಿರುತ್ತಾರೆ.

ಮೂರನೆಯದು ಬಹುತೇಕರು ತಲೆಕೆಳಗು ಮಾಡಿಕೊಂಡಿರುವ ಸಂಗತಿ. ಒಣಭೂಮಿಯ ಆಮೆ, ಹಾಗಾಗಿ ಒಣಗಾಳಿಯಲ್ಲೇ ಇರಲಿ ಎಂಬ ತರ್ಕ ದಶಕಗಳ ಕಾಲ ಪಾಶ್ಚಾತ್ಯ ಸಾಕಣೆಗಾರರಲ್ಲೂ ಇತ್ತು. ಮರಿಗಳ ಬೆನ್ನ ಬಿಲ್ಲೆಗಳು ಗೋಪುರದಂತೆ ಚೂಪಾಗಿ ಎದ್ದು ವಿಕಾರವಾಗುತ್ತಿದ್ದವು. ಪ್ರೋಟೀನ್ ಹೆಚ್ಚಾಗಿದ್ದಕ್ಕೆ ಹೀಗೆ ಎಂದು ಅವರು ಭಾವಿಸಿದ್ದರು. ವಿಯೆನ್ನಾದ ಪಶುವೈದ್ಯ ಸಂಶೋಧಕರು ಆಫ್ರಿಕಾದ ಸುಲ್ಕಾಟಾ ಆಮೆಯ ಮರಿಗಳನ್ನು ಬೇರೆ ಬೇರೆ ಆಹಾರ, ಬೇರೆ ಬೇರೆ ತೇವದಲ್ಲಿ ಬೆಳೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಿಸಿತು. ಗೋಪುರ ಏಳಲು ಪ್ರೋಟೀನಿಗಿಂತ ಗಾಳಿಯ ಒಣತನವೇ ದೊಡ್ಡ ಕಾರಣ ಎಂದು ಅದು ತೋರಿಸಿತು. ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಮರಿಗಳು ನೆಲದಿಂದ ಮೇಲೆ ಬರುವುದೇ ಮಳೆ ಬಿದ್ದಾಗ. ಬೇಸಿಗೆಯಲ್ಲೂ ಅವು ಇರುವುದು ಹುಲ್ಲಿನ ಬುಡದಲ್ಲಿ, ತರಗೆಲೆಯ ಕೆಳಗೆ, ಬಂಡೆಯ ಸಂದಿಯ ತಂಪಿನಲ್ಲಿ. ಹವಾಮಾನ ಇಲಾಖೆಯ ತೇವಮಾಪಕ ಏನು ಹೇಳಿದರೂ ನೆಲದಿಂದ ಎರಡು ಅಂಗುಲ ಎತ್ತರದ ಪ್ರಪಂಚ ಬೇರೆಯೇ. (ನಕ್ಷತ್ರ ಆಮೆಯ ಚಿಪ್ಪು ಕಾಡಿನಲ್ಲೂ ತುಸು ಉಬ್ಬುಬ್ಬಾಗಿರುತ್ತದೆ, ಅದು ಹುಟ್ಟುಗುಣ, ರೋಗವಲ್ಲ.)

ಹಾಗಾಗಿ ನೀರು ಬೇಕು, ಬಕೆಟ್ಟಿನಷ್ಟಲ್ಲ. ಗದ್ದದ ಮಟ್ಟಕ್ಕೆ ಬರುವಷ್ಟು ಉಗುರುಬೆಚ್ಚಗಿನ ನೀರಿನ ತಟ್ಟೆ, ದಿನಕ್ಕೊಮ್ಮೆ ಹದಿನೈದು–ಇಪ್ಪತ್ತು ನಿಮಿಷ. ಮರಿ ಕುತ್ತಿಗೆ ಚಾಚಿ ಕುಡಿಯುತ್ತದೆ, ಅಲ್ಲೇ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ.

ಊಟದ ವಿಚಾರದಲ್ಲಿ ನಮ್ಮವರ ಪ್ರೀತಿಯೇ ವಿಷ. ಅನ್ನ, ಹಾಲಲ್ಲಿ ನೆನೆಸಿದ ಬ್ರೆಡ್ಡು, ಬಿಸ್ಕತ್ತು, ಬಾಳೆಹಣ್ಣು, ಟೊಮೆಟೊ, ಎಲೆಕೋಸು. ಮನುಷ್ಯ ತಿನ್ನುವುದನ್ನೆಲ್ಲ ಮರಿಯ ಮುಂದೆ ಇಡುತ್ತಾರೆ. ಆಸೆಯಿಂದ ತಿನ್ನುವುದನ್ನು ನೋಡಿ ಹಿಗ್ಗುತ್ತಾರೆ. ಆದರೆ ಆಮೆಯ ಕರುಳು ನಾರಿಗಾಗಿ ರೂಪುಗೊಂಡದ್ದು. ಹುಲ್ಲು, ಕಳೆ ಸೊಪ್ಪು, ಬಿದ್ದ ಹೂವು, ಪಾಪಾಸುಕಳ್ಳಿಯ ರಸಭರಿತ ಹಾಳೆ ಅದರ ಪಥ್ಯ. ಸಾಕುವ ಪರವಾನಗಿ ಇರುವ ಕಡೆ ದಾಸವಾಳದ ಎಲೆ–ಹೂವು, ನುಗ್ಗೆಸೊಪ್ಪು, ಗರಿಕೆ ಒಳ್ಳೆಯ ಆಹಾರವೆಂದೇ ಲೆಕ್ಕ. ಸುಣ್ಣಕ್ಕಾಗಿ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕಡಲನೊರೆಯ ಬಿಲ್ಲೆ ಇಟ್ಟಿರುತ್ತಾರೆ, ಮರಿ ಬೇಕಾದಾಗ ಕೆರೆದುಕೊಳ್ಳುತ್ತದೆ. ಪಾಲಕ್ ಸೊಪ್ಪು ಮೇಲ್ನೋಟಕ್ಕೆ ಆರೋಗ್ಯಕರ, ಅದರಲ್ಲಿನ ಆಕ್ಸಲೇಟ್ ತಿಂದ ಸುಣ್ಣವನ್ನೇ ಕಟ್ಟಿಹಾಕುತ್ತದೆ. ನಾಯಿಯ ಆಹಾರ ಕೊಟ್ಟು ಆಮೆ ಬೇಗ ದಪ್ಪಗಾಯಿತು ಎಂದು ಖುಷಿಪಟ್ಟವರು ಅದರ ಯಕೃತ್ತು, ಮೂತ್ರಪಿಂಡಗಳ ಕಥೆಯನ್ನು ತಡವಾಗಿ ಓದುತ್ತಾರೆ.

ತಡವಾಗಿ ಎಂಬುದೇ ಇಲ್ಲಿನ ದೊಡ್ಡ ತೊಡಕು. ನಾಯಿ ಕುಂಟುತ್ತದೆ, ಬೆಕ್ಕು ಅರಚುತ್ತದೆ, ಎಮ್ಮೆ ಮೇವು ಬಿಟ್ಟರೆ ಅದೇ ದಿನ ಮನೆಯವರಿಗೆ ಗೊತ್ತಾಗುತ್ತದೆ. ಆಮೆ ಏನನ್ನೂ ಹೇಳದು. ಆರೋಗ್ಯವಾಗಿದ್ದಾಗಲೂ ಗಂಟೆಗಟ್ಟಲೆ ಸುಮ್ಮನಿರುವ ಪ್ರಾಣಿ ರೋಗದಿಂದ ಸುಮ್ಮನಿದೆ ಎಂದು ತಿಳಿಯುವುದು ಹೇಗೆ? ಮೂಗಿನಲ್ಲಿ ಗುಳ್ಳೆ, ಊದಿದ ಕಣ್ರೆಪ್ಪೆ, ಬಾಯ್ತೆರೆದ ಉಸಿರು, ಕೈಗೆತ್ತಿಕೊಂಡಾಗ ಗಾತ್ರಕ್ಕಿಂತ ಹಗುರ ಅನ್ನಿಸುವುದು — ಇವು ಕಾಣುವ ಹೊತ್ತಿಗೆ ಕಾಯಿಲೆಗೆ ವಾರಗಳಾಗಿರುತ್ತವೆ. ಅನುಭವಿಗಳು ವಾರಕ್ಕೊಮ್ಮೆ ತೂಗಿ ಬರೆದಿಡುವುದು ಇದಕ್ಕೇ. ದನ, ಕುರಿ, ನಾಯಿಗಳ ಚಿಕಿತ್ಸೆಯಲ್ಲಿ ಪಳಗಿದ ತಾಲ್ಲೂಕು ಪಶುವೈದ್ಯರಿಗೆ ಆಮೆ ಮರಿಯ ಶ್ವಾಸಕೋಶದ ಸೋಂಕು ದಿನನಿತ್ಯದ ವ್ಯವಹಾರವಲ್ಲ, ಅದು ಅವರ ತಪ್ಪೂ ಅಲ್ಲ.

ಮರಿ ಮನುಷ್ಯರಿಗೆ ಕೊಡಬಹುದಾದ್ದೂ ಒಂದಿದೆ. ಆಮೆಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆಮೆಗೆ ತೊಂದರೆ ಕೊಡದೆ ಇರುತ್ತದೆ, ಮುಟ್ಟಿದ ಕೈ ಬಾಯಿಗೆ ಹೋದರೆ ಮಗುವಿಗೆ ವಾಂತಿ–ಭೇದಿ. ಅಮೆರಿಕದಲ್ಲಿ ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುವುದು ಹೆಚ್ಚಾಗಿ, ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆ ಮಾರಾಟವನ್ನೇ 1975ರಲ್ಲಿ ನಿಷೇಧಿಸಬೇಕಾಯಿತು.

ಇನ್ನು ಆಯಸ್ಸು. ನಕ್ಷತ್ರ ಆಮೆ ಮೂವತ್ತು ವರ್ಷ ಬಾಳುವುದು ವಿಶೇಷವಲ್ಲ, ಅದಕ್ಕಿಂತ ಬಹಳ ಹೆಚ್ಚು ಬಾಳಿದ್ದೂ ಉಂಟು. ಏಳನೇ ತರಗತಿಯ ಹುಡುಗ ತಂದ ಮರಿ ಅವನ ಮಗ ಏಳನೇ ತರಗತಿಗೆ ಬಂದಾಗಲೂ ದಾಸವಾಳಕ್ಕೆ ಕುತ್ತಿಗೆ ಚಾಚುತ್ತಿರುತ್ತದೆ. ಅಂಗೈಯಲ್ಲಿ ಕೂತದ್ದು, ಹೆಣ್ಣಾದರೆ, ಒಂದಡಿ ಹತ್ತಿರ ಬೆಳೆಯಲೂಬಹುದು. ಹೆಣ್ಣೋ ಗಂಡೋ ಎಂಬುದು ಮರಿಯಿದ್ದಾಗ ತಿಳಿಯುವುದೇ ಇಲ್ಲ. ಅದು ನಿರ್ಧಾರವಾಗಿದ್ದು ಮೊಟ್ಟೆಯಲ್ಲಿದ್ದಾಗ, ಮಣ್ಣಿನ ಬಿಸಿಯಿಂದ. ತಾಯಿ ಗಟ್ಟಿ ನೆಲವನ್ನು ಮೂತ್ರದಿಂದ ನೆನೆಸಿ, ಹಿಂಗಾಲಲ್ಲಿ ಗುಂಡಿ ತೋಡಿ, ಒಂದರಿಂದ ಹತ್ತರವರೆಗೆ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಮಣ್ಣು ತಂಪಾಗಿದ್ದರೆ ಗಂಡು ಹೆಚ್ಚು, ಬಿಸಿಯಾಗಿದ್ದರೆ ಹೆಣ್ಣು.

ಇಷ್ಟೆಲ್ಲ ಕಷ್ಟವಿದ್ದೂ ಜನ ಅದರ ಹಿಂದೆ ಬಿದ್ದಿರುವುದಕ್ಕೆ ಅದರ ಬೆನ್ನ ನಕ್ಷತ್ರದ ಜತೆಗೆ ನಮ್ಮ ನಂಬಿಕೆಯೂ ಕಾರಣ. ಒಂದು ಕಾಲಕ್ಕೆ ದಕ್ಷಿಣದಲ್ಲೆಲ್ಲ ‘ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರವಾಗದು’ ಎಂಬ ಮಾತಿತ್ತು. ಅಮೀನ ಅಂದರೆ ಜಪ್ತಿಗೆ ಬರುವ ಕೋರ್ಟಿನ ನೌಕರ. ಆಮೆಗೆ ಅದಕ್ಕಿಂತ ಒಳ್ಳೆಯ ರಕ್ಷಣಾ ಕಾಯ್ದೆ ಬೇರೆ ಇರಲಿಲ್ಲ, ಅಪಶಕುನವೆಂದು ಯಾರೂ ಒಳಗೆ ತರುತ್ತಿರಲಿಲ್ಲ. ಈಗ ಕಾಲ ಮಗುಚಿದೆ. ಗಾಜಿನ ಬಟ್ಟಲಲ್ಲಿ ಲೋಹದ ಆಮೆ, ಬೆರಳಿಗೆ ಆಮೆಯ ಉಂಗುರ, ದುಡ್ಡು ಬರಲೆಂದು ಹಿತ್ತಲಲ್ಲಿ ಜೀವಂತ ಆಮೆ. ಇದರ ಇನ್ನೊಂದು ಕೊನೆಯಲ್ಲಿ ಇಪ್ಪತ್ತು ಉಗುರಿನ ಆಮೆಗೆ ಲಕ್ಷ ಲಕ್ಷ ಬೆಲೆ ಎಂದು ನಂಬಿಸುವ ವಂಚಕರಿದ್ದಾರೆ. ಆಮೆಯ ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು ಉಗುರು ಇರುವುದು ಮಾಮೂಲು. ಹದಿನೆಂಟನ್ನು ಇಪ್ಪತ್ತು ಮಾಡಲು ಹೊರಟವರ ಕೈಗೆ ಸಿಕ್ಕ ಆಮೆಯ ಪಾಡು ಹೇಳತೀರದು. ವಿಷ್ಣುವಿನ ಎರಡನೇ ಅವತಾರವೆಂದು ಹಂಪಿಯ ಮಂಟಪಗಳ ಕಂಬಗಳಲ್ಲಿ ಕಡೆದಿಟ್ಟ ಜೀವಕ್ಕೆ ಈ ಗತಿ.

ವ್ಯಾಪಾರದ ಗಾತ್ರ ಊಹೆಗೆ ಮೀರಿದ್ದು. ಭಾರತದ ಒಂದೇ ಸಂಗ್ರಹ ಜಾಲದಿಂದ ಒಂದು ವರ್ಷದಲ್ಲಿ ಕನಿಷ್ಠ 55 ಸಾವಿರ ನಕ್ಷತ್ರ ಆಮೆಗಳನ್ನು ಕಾಡಿನಿಂದ ಎತ್ತಲಾಗಿತ್ತೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು. 2009ರಿಂದ 2019ರವರೆಗಿನ ಹತ್ತು ವರ್ಷದಲ್ಲಿ ದೇಶದಲ್ಲಿ ಕಳ್ಳಸಾಗಣೆಗೆ ಸಿಕ್ಕ ಆಮೆಗಳ ಸಂಖ್ಯೆ 1.11 ಲಕ್ಷಕ್ಕೂ ಹೆಚ್ಚು ಎಂದು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ ಲೆಕ್ಕ ಹಾಕಿತ್ತು. ಗುರುತು ಹಿಡಿಯಲಾದವುಗಳಲ್ಲಿ ಮುಂದಿದ್ದದ್ದು ಇದೇ ಜಾತಿ. ಹೆಚ್ಚು ಹೋಗುವುದು ಮರಿಗಳೇ. ಚಿಕ್ಕವು, ಸದ್ದು ಮಾಡವು, ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ತುಂಬಿದರೆ ವಿಮಾನ ಹತ್ತುತ್ತವೆ. ಪಂಚತಂತ್ರದಲ್ಲಿ ಹಂಸಗಳು ಕೋಲಿಗೆ ಕಚ್ಚಿಸಿ ಹಾರಿಸಿಕೊಂಡು ಹೋದ ಆಮೆ ಬಾಯಿಬಿಟ್ಟು ಕೆಟ್ಟಿತು. ಸೂಟ್‌ಕೇಸಿನಲ್ಲಿ ಹಾರುವುದು ಬಾಯಿಬಿಡದೆಯೂ ಕೆಡುತ್ತದೆ.

2019ರ ಆಗಸ್ಟಿನಲ್ಲಿ ಜಿನೀವಾದಲ್ಲಿ ನಡೆದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಸಮ್ಮೇಳನದಲ್ಲಿ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಸೆನೆಗಲ್ ಒಟ್ಟಾಗಿ ಮುಂದಿಟ್ಟ ಪ್ರಸ್ತಾವ ಗೆದ್ದು, ನಕ್ಷತ್ರ ಆಮೆ ಎರಡನೇ ಪಟ್ಟಿಯಿಂದ ಒಂದನೇ ಪಟ್ಟಿಗೆ ಬಂತು. ಕಾಡಿನಿಂದ ಹಿಡಿದ ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೆ ಅಲ್ಲಿಗೆ ಪೂರ್ಣ ತಡೆ ಬಿತ್ತು.

ಹೋದವುಗಳಲ್ಲಿ ಕೆಲವು ತಿರುಗಿ ಬಂದ ಕಥೆ ಕರ್ನಾಟಕದ್ದೇ. ಸಿಂಗಪುರದಲ್ಲಿ ಸಿಕ್ಕಿ ಅಲ್ಲಿನ ಎಕ್ರೆಸ್ ಎಂಬ ಪ್ರಾಣಿದಯಾ ಸಂಸ್ಥೆಯ ಆರೈಕೆಯಲ್ಲಿದ್ದ 51 ನಕ್ಷತ್ರ ಆಮೆಗಳು 2018ರ ನವೆಂಬರಿನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ಮರಳಿದವು. ಬರಮಾಡಿಕೊಂಡಿದ್ದು ಕರ್ನಾಟಕ ಅರಣ್ಯ ಇಲಾಖೆ ಮತ್ತು ವನ್ಯಜೀವಿ ರಕ್ಷಣಾ ಸಂಸ್ಥೆ ವೈಲ್ಡ್‌ಲೈಫ್ ಎಸ್‌ಓಎಸ್. ಇಳಿದ ತಕ್ಷಣ ಕಾಡಿಗೆ ಬಿಡಲಿಲ್ಲ. ಪ್ರತ್ಯೇಕವಾಗಿಟ್ಟು ರೋಗ ತಪಾಸಣೆ ಮಾಡಬೇಕಿತ್ತು, ಇಲ್ಲಿನ ಹವೆಗೆ ಒಗ್ಗಿಸಬೇಕಿತ್ತು. ಅದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ವಾಯವ್ಯ ಭಾರತದ ಆಮೆಗೂ ದಕ್ಷಿಣದ ಆಮೆಗೂ ವಂಶವಾಹಿಯಲ್ಲಿ ಸ್ಪಷ್ಟ ವ್ಯತ್ಯಾಸವಿದೆ ಎಂದು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಗುಜರಾತಿನದನ್ನು ಸಂಡೂರಿನ ಗುಡ್ಡಕ್ಕೆ ಬಿಟ್ಟರೆ ಅದು ಬದುಕಬಹುದು, ಆದರೆ ಸಾವಿರಾರು ವರ್ಷ ಬೇರೆಬೇರೆಯಾಗಿ ಬಂದ ಎರಡು ಕವಲುಗಳು ಕಲಸಿಹೋಗುತ್ತವೆ. ತೆಗೆದುಕೊಂಡು ಹೋಗುವವನಿಗೆ ಒಂದು ಚೀಲ ಸಾಕು. ವಾಪಸು ಬಿಡಲು ಪ್ರಯೋಗಾಲಯ ಬೇಕು.

ಈ ಕಾರಣಕ್ಕೇ, ಸಾಕಿ ಬೇಸರವಾದ ಆಮೆಯನ್ನು ಪುಣ್ಯ ಬರಲೆಂದು ಕತ್ತಲಲ್ಲಿ ಕಾಡಿಗೋ ಹೊಳೆಗೋ ಬಿಡುವುದು ಅಷ್ಟೇ ದೊಡ್ಡ ತಪ್ಪು. ಹೊಳೆಯ ವಿಚಾರದಲ್ಲಿ ಈ ಮಾತನ್ನು ಇನ್ನೂ ಖಾರವಾಗಿ ಹೇಳಬೇಕು. ಅಕ್ವೇರಿಯಂ ಅಂಗಡಿಗಳಲ್ಲಿ ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ, ಕಿವಿಯ ಬಳಿ ಕೆಂಪು ಪಟ್ಟೆ ಇರುವ ಹಸಿರು ಮರಿ ಮಾರುತ್ತಾರೆ. ಅದು ಅಮೆರಿಕದ ಮಿಸಿಸಿಪ್ಪಿ ಕಣಿವೆಯದು. ಮೀನಿನ ತೊಟ್ಟಿಯಲ್ಲಿ ಎರಡು ವರ್ಷ ಮುದ್ದಾಗಿದ್ದು, ಊಟದ ತಟ್ಟೆಯ ಗಾತ್ರಕ್ಕೆ ಬೆಳೆದು, ನೀರು ನಾರತೊಡಗಿದಾಗ ಮನೆಯವರು ಕಮಲಾಪುರದ ಕೆರೆಯನ್ನೋ ತುಂಗಭದ್ರೆಯನ್ನೋ ನೆನೆಯುತ್ತಾರೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಕೇರಳದ ತ್ರಿಶ್ಶೂರಿನ ಕಾಲುವೆಯೊಂದರಲ್ಲಿ 2018ರಲ್ಲೇ ಕಾಣಿಸಿಕೊಂಡಿದೆ.

ತುಂಗಭದ್ರೆಗೆ ತನ್ನದೇ ಆಮೆಗಳಿವೆ. ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಹಂಪಿ, ಆನೆಗೊಂದಿ, ಬುಕ್ಕಸಾಗರ ಹಾದು ಕಂಪ್ಲಿಯ ಸೇತುವೆವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ದೇಶದಲ್ಲಿ ನೀರುನಾಯಿಗೆಂದೇ ಮೀಸಲಾದ ಮೊದಲ ಹೊಳೆ ಅದು. ಅದೇ ಮಡುಗಳಲ್ಲಿ ಮೊಸಳೆಯ ಜತೆ ಲೀತನ ಮೃದುಚಿಪ್ಪಿನ ಆಮೆಯೂ ಇದೆ. ಭಾರತದ ಪರ್ಯಾಯದ್ವೀಪ ಭಾಗದ ನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಜಾತಿ. ಅದರ ಮರಿಯ ಬೆನ್ನ ಮೇಲೆ ಕಣ್ಣಿನಂಥ ನಾಲ್ಕಾರು ಚುಕ್ಕೆಗಳಿದ್ದು ದೊಡ್ಡದಾದಂತೆ ಮಾಸಿಹೋಗುತ್ತವೆ. ಮಾಂಸಕ್ಕಾಗಿ ಬೇಟೆಯಾಗಿ ತೀರಾ ಅಪಾಯದಂಚು ತಲುಪಿರುವ ಇದನ್ನು 2022ರ ಪನಾಮಾ ಸಮ್ಮೇಳನದಲ್ಲಿ ಭಾರತದ ಕೋರಿಕೆಯಂತೆ ಸೈಟ್ಸ್ ಒಂದನೇ ಪಟ್ಟಿಗೆ ಸೇರಿಸಲಾಯಿತು. ಕಂಪ್ಲಿಯ ಕಡೆ ಮೀನಿನ ಬಲೆಗೆ ಇದರ ಮರಿ ಸಿಕ್ಕರೆ ಹರಿಗೋಲಿನವರು ಮಾಡಬೇಕಾದದ್ದು ಒಂದೇ: ಬಲೆ ಬಿಡಿಸಿ, ಸಿಕ್ಕ ಜಾಗದಲ್ಲೇ ನೀರಿಗೆ ಬಿಡುವುದು.

ಸಾಕಲೇಬೇಕು ಎಂಬ ಹಟವುಳ್ಳವರು ವಿದೇಶಿ ನೆಲದ ಆಮೆಗಳತ್ತ ನೋಡುತ್ತಾರೆ. ಅಂಥವರಿಗೆ ಎರಡು ಮಾತು. ಸೈಟ್ಸ್ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಯನ್ನು ಇಟ್ಟುಕೊಂಡವರು 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಕೈಬದಲಾದರೂ ಮರಿ ಹಾಕಿದರೂ ಸತ್ತರೂ ತಿಳಿಸಬೇಕು. ಕಾಗದವಿಲ್ಲದೆ ಮಾರುವವನು ನಿಮ್ಮನ್ನು ಅಪರಾಧಕ್ಕೆ ಪಾಲುದಾರ ಮಾಡುತ್ತಿದ್ದಾನೆ. ಎರಡನೆಯದು, ಅಂಗೈ ಮರಿಯೆಂದು ಮಾರುವ ಸುಲ್ಕಾಟಾ ಎಂಬುದು ಗಲಾಪಗೋಸ್, ಅಲ್ಡಾಬ್ರಾ ಆಮೆಗಳ ನಂತರ ಜಗತ್ತಿನ ಮೂರನೇ ದೊಡ್ಡ ನೆಲದ ಆಮೆ. ಗಂಡು 50 ಕಿಲೋ ದಾಟುತ್ತದೆ, ಗೋಡೆಯ ಬುಡ ತೋಡುತ್ತದೆ. 30x40 ಸೈಟಿನ ಮನೆಯವರು ಈ ಲೆಕ್ಕವನ್ನು ಮರಿ ಕೊಳ್ಳುವ ಮೊದಲೇ ಹಾಕಬೇಕು.

ಉಳಿದವರಿಗೆ, ಅಂದರೆ ಈ ಸೀಮೆಯ ಬಹುತೇಕರಿಗೆ, ಆಮೆ ಸಾಕುವುದೆಂದರೆ ಇಷ್ಟೇ. ಮಳೆಗಾಲದಲ್ಲಿ ಸಂಡೂರು–ತೋರಣಗಲ್ಲು ಕಡೆಯೋ ಕಮಲಾಪುರ–ದರೋಜಿ ಕಡೆಯೋ ಗಾಡಿ ಓಡಿಸುವಾಗ ಬೆಳಗ್ಗೆ, ಸಂಜೆ ಕಣ್ಣು ರಸ್ತೆಯ ಮೇಲಿರಲಿ. ಅದಿರಿನ ಲಾರಿಯ ಚಕ್ರಕ್ಕೆ ಯಾವ ಗುಮ್ಮಟವೂ ಲೆಕ್ಕವಿಲ್ಲ. ದಾಟುತ್ತಿರುವ ಆಮೆ ಕಂಡರೆ ಗಾಡಿ ನಿಲ್ಲಿಸಿ, ಎರಡೂ ಬದಿ ಹಿಡಿದು, ನೆಲಕ್ಕೆ ಹತ್ತಿರವಾಗಿಯೇ ಎತ್ತಿ, ಅದು ಮುಖ ಮಾಡಿದ್ದ ದಿಕ್ಕಿನ ಬದಿಗೆ ಬಿಡಿ. ಬಂದ ಕಡೆಗೇ ಬಿಟ್ಟರೆ ಅದು ಮತ್ತೆ ದಾಟಲು ಹೊರಡುತ್ತದೆ. ನೀರು ಕುಡಿಸುವುದು ಬೇಡ, ಸೆಲ್ಫಿ ಬೇಡ. ಬಳಿಕ ಕೈ ತೊಳೆದುಕೊಳ್ಳಿ. ಗಾಯವಾಗಿದ್ದರೆ, ಯಾರದೋ ಮನೆಯಲ್ಲಿ ಬಕೆಟ್ಟಿನಲ್ಲೋ ಟಬ್ಬಿನಲ್ಲೋ ಇದ್ದದ್ದು ಕಣ್ಣಿಗೆ ಬಿದ್ದರೆ, ಅಥವಾ ಅದು ನಿಮ್ಮದೇ ಮನೆಯಾಗಿದ್ದರೆ, ಅರಣ್ಯ ಇಲಾಖೆಯ ಸಹಾಯವಾಣಿ ಸಂಖ್ಯೆ 1926.